ಆರಿದ ಅಗ್ನಿಪರ್ವತಗಳ ನಾಡಿನಲ್ಲಿ ಒಂದು ದಿನ

ಪ್ರವಾಸವೆಂದರೆ ನಮ್ಮ ಜನಕ್ಕೆ ಎರಡೇ ಬಗೆ. ಒಂದು, ತೀರ್ಥಯಾತ್ರೆ, ಇನ್ನೊಂದು, ಮದುವೆ ಮುಂಜಿಗಳ ನಿಮಿತ್ತ ನೆಂಟರ ಊರಿಗೆ ಹೋಗಿ ಬರುವುದು. ದೇವರೂ ಇಲ್ಲದ, ನೆಂಟರೂ ಇಲ್ಲದ ಬಯಲಿಗೆ ಬರಿಯ ಕಲ್ಲು ನೋಡುವುದಕ್ಕಾಗಿ ಬುತ್ತಿ ಕಟ್ಟಿಕೊಂಡು ಹೊರಟವರನ್ನು ಊರಿನವರು ಸೋಜಿಗದಿಂದ ನೋಡಿದರೆ ಅದು ಅವರ ತಪ್ಪಲ್ಲ. ಹೋದ ಮಾರ್ಗಶಿರ ಮಾಸದಲ್ಲಿ ನಾವು ಹಾಗೆ ಹೊರಟೆವು. ಹೊರಡುವಾಗ ನನಗೂ ಇದೊಂದು ವಿನೋದವೆಂದೇ ತೋರಿದ್ದಿತು. ಹಿಂದಿರುಗಿ ಬಂದ ಮೇಲೆ, ನಾವು ಹುಟ್ಟಿ ಬೆಳೆದ ಸೀಮೆಯನ್ನು ನಾವು ಎಷ್ಟು ಸ್ವಲ್ಪ ಬಲ್ಲೆವೆಂಬುದು ತಿಳಿಯಿತು. ಆದುದರಿಂದ ಆ ದಿನದ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತೇನೆ.

ನಮ್ಮ ಊರು ಚಿಕ್ಕಜಾಜೂರು. ಹೊಳಲ್ಕೆರೆ ತಾಲ್ಲೂಕಿನ ಈ ಊರನ್ನು ಹೆಚ್ಚು ಜನರು ರೈಲಿನ ಕಿಟಕಿಯಿಂದಲೇ ಕಂಡಿರುತ್ತಾರೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಳಿಯಿಂದ ಇಲ್ಲಿ ಒಂದು ಕವಲು ಒಡೆದು ಚಿತ್ರದುರ್ಗ, ರಾಯದುರ್ಗಗಳ ಮೇಲೆ ಬಳ್ಳಾರಿಗೆ ಹೋಗುತ್ತದೆ. ಭೂಗರ್ಭಶಾಸ್ತ್ರ ಕಲಿತ ಸ್ನೇಹಿತರೊಬ್ಬರು ಬೆಂಗಳೂರಿನಿಂದ ಬರುವವರಿದ್ದರು. ಅವರನ್ನು ಕರೆತರಲು ಹತ್ತು ವರ್ಷದ ನನ್ನ ಮಗಳೊಂದಿಗೆ ನಿಲ್ದಾಣಕ್ಕೆ ಹೋಗಿದ್ದೆ. ಹೊರಗೆ ಜಲ್ಲಿಯ ರಾಶಿಯೊಂದು ಬಿದ್ದಿತ್ತು. ರೈಲು ತಡವಾದುದರಿಂದ ಮಗಳು ಅದರಲ್ಲಿ ಎರಡು ಚೂರುಗಳನ್ನು ಆರಿಸಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಒಂದು ಬೆಳ್ಳಗೆ, ಉಪ್ಪು ಮೆಣಸು ಬೆರೆಸಿದಂತೆ ಚುಕ್ಕೆಚುಕ್ಕೆಯಾಗಿತ್ತು. ಇನ್ನೊಂದು ಕಪ್ಪು, ಬಿಸಿಲಿಗೆ ಹಿಡಿದರೆ ಹಸಿರಿನ ಛಾಯೆ.

ಸ್ನೇಹಿತರು ಬಂದವರು ಚೀಲವನ್ನು ಕೆಳಗಿಡುವ ಮೊದಲೇ ಆ ಚೂರುಗಳನ್ನು ನೋಡಿದರು. “ಈ ಬಿಳಿಯದು ಭೂಮಿಯ ಹೊಟ್ಟೆಯೊಳಗೇ ನಿಧಾನವಾಗಿ ಆರಿದ ಕಲ್ಲು. ಈ ಕರಿಯದು ಭೂಮಿ ಬಾಯಿ ತೆರೆದು ಉಗುಳಿದ್ದು” ಎಂದರು.

“ಹಾಗಾದರೆ ಇಲ್ಲಿ ಅಗ್ನಿಪರ್ವತ ಇತ್ತೆ, ಮಾಮ?”

“ಒಂದಲ್ಲ, ಸಾಲುಸಾಲಾಗಿ ಇದ್ದವು. ನಾಳೆ ತೋರಿಸುತ್ತೇನೆ.”

ಮನೆಗೆ ಬಂದು ಈ ಮಾತನ್ನು ಹೇಳಿದಾಗ ನಮ್ಮ ತಾಯಿಯವರು ಒಲೆಯ ಮುಂದೆ ಇದ್ದರು. ಮರುದಿನದ ಬುತ್ತಿಗಾಗಿ ಶೇಂಗಾ ಉಂಡೆಗೆ ಬೆಲ್ಲದ ಪಾಕ ಏರುತ್ತಿತ್ತು. ಅವರು ಒಂದು ಬಟ್ಟಲು ತಣ್ಣೀರಿಗೆ ಪಾಕದ ಒಂದು ತೊಟ್ಟನ್ನು ಬಿಟ್ಟು, ಬೆರಳಿನಿಂದ ಒತ್ತಿ ನೋಡಿ, ಇನ್ನೂ ಹದವಾಗಿಲ್ಲವೆಂದು ತಲೆಯಾಡಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, “ಎಪ್ಪತ್ತು ವರ್ಷ ಈ ಸೀಮೆಯಲ್ಲೇ ಬಾಳಿದ್ದೇನೆ. ಬೆಂಕಿ ಕಾರುವ ಬೆಟ್ಟವನ್ನು ನಾನಂತೂ ಕಂಡಿಲ್ಲ, ನಮ್ಮ ಅಜ್ಜಿಯೂ ಹೇಳಿಲ್ಲ. ಅದು ಎಲ್ಲಿದೆಯೋ ನಾನೂ ಬಂದು ನೋಡುತ್ತೇನೆ” ಎಂದರು. ಹೀಗೆ ಕಾರಿನಲ್ಲಿ ನಾವು ಐವರಾದೆವು: ತಾಯಿಯವರು, ನನ್ನ ಮನೆಯವರು, ಮಗಳು, ನಾನು, ಕಾರು ನಡೆಸಲು ಒಪ್ಪಿಕೊಂಡ ಸ್ನೇಹಿತರು.

ಬೆಳಗಿನ ಮಂಜು ಇನ್ನೂ ಅಡಿಕೆಯ ತೋಟಗಳ ಮೇಲೆ ಇರುವಾಗಲೇ ಹೊರಟು ಹೊಳಲ್ಕೆರೆಗೆ ಬಂದೆವು. ಅಲ್ಲಿಯ ಬಯಲು ಗಣಪತಿಗೆ ಕೈಮುಗಿಯದೆ ಮುಂದೆ ಹೋಗಲು ತಾಯಿಯವರು ಒಪ್ಪುವಂತಿರಲಿಲ್ಲ. ಮಂಗಳಾರತಿಯಾಗಿ ಕಾರು ಹತ್ತುವಾಗ ಸ್ನೇಹಿತರು ಈ ತಾಲ್ಲೂಕಿನ ತಾಳ್ಯದ ಹೆಸರನ್ನು ಎತ್ತಿದರು. ಹೋಬಳಿಯ ಕೇಂದ್ರವಾದ ಈ ಹಳ್ಳಿಯ ಹೆಸರು ಭೂಗರ್ಭಶಾಸ್ತ್ರದ ಗ್ರಂಥಗಳಲ್ಲೆಲ್ಲ ಇದೆಯಂತೆ. ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲುಗಳು ಮಣ್ಣು ಮರಳಿನೊಂದಿಗೆ ಬೆಸೆದು, ಮತ್ತೆ ಒಂದೇ ಬಂಡೆಯಾಗಿರುವುದನ್ನು ಅಲ್ಲಿ ಕಾಣಬಹುದು. ಬೇಳೆ ಕಾಳು ಕಲಸಿ ತಟ್ಟಿದ ಹಾಗೆ ಇರುವ ಈ ಶಿಲೆಗೆ ‘ತಾಳ್ಯದ ಗುಂಡುಶಿಲೆ’ ಎಂದೇ ಹೆಸರು. “ಗುಂಡುಕಲ್ಲು ಇದ್ದ ಕಡೆ ಹರಿಯುವ ನೀರು ಇದ್ದಿರಲೇಬೇಕಲ್ಲವೆ? ಈ ಮಾತನ್ನು ನೆನಪಿನಲ್ಲಿಡಿ. ಇಂದಿನ ಕಥೆ ಬೆಂಕಿಯದು ಮಾತ್ರವಲ್ಲ, ನೀರಿನದು ಕೂಡ” ಎಂದು ಅವರು ಹೇಳಿದರು.

ಹೊಳಲ್ಕೆರೆಯಿಂದ ಶಿವಮೊಗ್ಗೆಯ ಹೆದ್ದಾರಿಯನ್ನು ಹಿಡಿದು ಚಿತ್ರದುರ್ಗಕ್ಕೆ ಬರುವಾಗ ಬಯಲು ಮೆಲ್ಲನೆ ಏರಿ ಇಳಿಯುತ್ತದೆ. ದೂರದಲ್ಲಿ ನೀಲಿಯ ಬೆಟ್ಟಸಾಲು; ಅದರ ನೆತ್ತಿಯ ಮೇಲೆ ಗಾಳಿಯಂತ್ರಗಳು ಬಿಳಿಯ ತೋಳುಗಳನ್ನು ತಿರುವುತ್ತಿದ್ದವು. ನಗರದ ಬೆನ್ನಿಗೆ ಏಳು ಸುತ್ತಿನ ಕೋಟೆಯ ಬೆಟ್ಟ ಕಾಣಿಸಿಕೊಂಡಿತು. ಆನೆಗಾತ್ರದ ಬಂಡೆಗಳು ಒಂದರ ಮೇಲೊಂದು ನಿಂತಿರುವ ಆ ನೋಟವನ್ನು ಕಂಡ ಮಗಳು, “ಇವನ್ನೆಲ್ಲ ಅಗ್ನಿಪರ್ವತವೇ ಎಸೆದದ್ದು!” ಎಂದು ಕೂಗಿದಳು. ನಾನೂ ಒಳಗೊಳಗೇ ಹಾಗೆಯೇ ಎಣಿಸಿದ್ದೆ.

ಆದರೆ ಅದು ಹಾಗಲ್ಲ. ಕೋಟೆಯ ಬಂಡೆಗಳು ಗ್ರಾನೈಟಿನ ಜಾತಿಗೆ ಸೇರಿದವು. ಕರಗಿದ ಶಿಲಾರಸವು ಹೊರಗೆ ಬರದೆ ನೆಲದೊಳಗೆ ಬಹು ಆಳದಲ್ಲಿ ಸಾವಕಾಶವಾಗಿ ಆರಿದುದರಿಂದ ಅದರ ಹರಳುಗಳು ದೊಡ್ಡವಾಗಿ ಬೆಳೆದವು. ಮೇಲಿನ ನೆಲವೆಲ್ಲ ಮಳೆ ಗಾಳಿಗಳಿಂದ ಸವೆದು ಹೋದ ಮೇಲೆ ಆ ಒಡಲು ಬೆಳಕು ಕಂಡಿತು. ಅನಂತರ ಬಿಸಿಲು ಮಳೆಗಳಿಂದ ಬಂಡೆಗಳು ಬಿರುಕುಬಿಟ್ಟು, ಈರುಳ್ಳಿಯ ಸಿಪ್ಪೆ ಸುಲಿಯುವಂತೆ ಪದರ ಪದರವಾಗಿ ಕಳಚಿ ಗುಂಡಗಾದವು. ನಾಯಕರು ಆ ಬಂಡೆಗಳನ್ನೇ ಗೋಡೆಗೆ ಸೇರಿಸಿಕೊಂಡು ಕೋಟೆ ಕಟ್ಟಿದರು. 1779ರಲ್ಲಿ ಮದಕರಿನಾಯಕನ ಕಾಲಕ್ಕೆ ಅದು ಹೈದರನ ವಶವಾಯಿತು. ನಿಲ್ದಾಣದಲ್ಲಿ ಮಗಳ ಕೈಯಲ್ಲಿದ್ದ ಬಿಳಿಯ ಚೂರು ಈ ಜಾತಿಯದು.

ಕರಿಯ ಚೂರಿನ ಬಂಧುಗಳನ್ನು ಕಾಣಬೇಕಾದರೆ ಕೋಟೆಯನ್ನು ಬಿಟ್ಟು ಜೋಗಿಮಟ್ಟಿಯ ಕಡೆಗೆ ಕಣ್ಣು ತಿರುಗಿಸಬೇಕು. ಹುಲ್ಲು ಕುರುಚಲು ಹೊದೆದ ಆ ದುಂಡು ಬೆಟ್ಟಗಳಲ್ಲಿ ಆನೆಗಾತ್ರದ ಬಂಡೆಗಳಿಲ್ಲ. ಕಣ್ಣು ಸೆಳೆಯುವಂಥದು ಏನೂ ಇಲ್ಲ. ಆದರೆ ಒಂದು ಕಾಲದಲ್ಲಿ ದ್ರವವಾಗಿ ಹರಿದ ಲಾವಾ ಶಿಲೆ ಇರುವುದು ಅಲ್ಲಿಯೇ. ಇದು ಗದಗಿನ ಕಡೆಯಿಂದ ದಕ್ಷಿಣಕ್ಕೆ ಶ್ರೀರಂಗಪಟ್ಟಣದ ಕಡೆಯವರೆಗೆ 400 ಕಿಲೋಮೀಟರಿಗೂ ಮೀರಿ ಹಬ್ಬಿರುವ ಒಂದು ಉದ್ದನೆಯ ಶಿಲಾಪಟ್ಟಿಯ ನಡುಭಾಗ. ಇಂಥ ಶಿಲೆಗಳನ್ನೆಲ್ಲ 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬವರು ಗುರುತಿಸಿ, ಒಟ್ಟಿಗೆ ‘ಧಾರವಾಡ ಶಿಲಾವರ್ಗ’ ಎಂದು ಕರೆದರು. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂಗರ್ಭ ಇಲಾಖೆಯನ್ನು ತೆರೆದ ಮೇಲೆ ಇಲಾಖೆಯವರು ಈ ಬೆಟ್ಟಗಳನ್ನು ಕಾಲ್ನಡೆಯಲ್ಲಿ ಸುತ್ತಿ ನಕ್ಷೆ ಬರೆದರು. ನಾವು ಒಂದು ಹಗಲಿನಲ್ಲಿ ಕಾರಿನಲ್ಲಿ ದಾಟಿದ ನೆಲವನ್ನು ಅವರು ತಿಂಗಳುಗಟ್ಟಲೆ ನಡೆದು ಅಳೆದಿದ್ದರು.

“ಬೆಟ್ಟ ಸರಿ, ಅದರ ಬಾಯಿ ಎಲ್ಲಿ?” ಎಂದು ತಾಯಿಯವರು ಕೇಳಿದರು. ಬಾಯಿ ಇಲ್ಲ. ಚಿತ್ರದಲ್ಲಿ ಕಾಣುವ, ತುದಿಯಲ್ಲಿ ಕುಳಿಯಿರುವ ಮೊನಚಾದ ಬೆಟ್ಟವನ್ನು ಇಲ್ಲಿ ಹುಡುಕುವುದು ವ್ಯರ್ಥ. ಆ ಅಗ್ನಿಪರ್ವತಗಳು ಆರಿದುವು ಮಾತ್ರವಲ್ಲ. ಅವುಗಳ ಆಕಾರವೂ ಅಳಿಸಿಹೋಯಿತು. ಭೂಮಿಯ ಒತ್ತಡಕ್ಕೆ ಸಿಕ್ಕಿ ಲಾವಾದ ಹಾಸುಗಳು ಮಡಿಕೆಬಿದ್ದವು. ಅನೇಕ ಕಡೆ, ಹಾಸಿಗೆಯನ್ನು ಗೋಡೆಗೆ ಒರಗಿಸಿಟ್ಟಂತೆ ನೆಟ್ಟಗೆ ನಿಂತವು. ಕಾವು ಒತ್ತಡಗಳಿಂದ ಅವುಗಳೊಳಗಿನ ಖನಿಜಗಳು ಮಾರ್ಪಟ್ಟು ಹಸಿರು ಬಣ್ಣ ತಾಳಿದವು. ಇಷ್ಟಾದರೂ ಅವು ಹೇಗೆ ಹುಟ್ಟಿದವೆಂಬುದರ ಗುರುತು ಅಳಿಯದೆ ಉಳಿದಿರುವ ಕೆಲವು ಸ್ಥಳಗಳಿವೆ. ಅಂಥದೊಂದನ್ನು ನೋಡುವುದಕ್ಕಾಗಿಯೇ ನಮ್ಮ ಪ್ರಯಾಣ.

ಚಿತ್ರದುರ್ಗದ ಆಗ್ನೇಯಕ್ಕೆ ಇಂಗಳದಾಳ್ ಎಂಬ ಹಳ್ಳಿಯಿದೆ. ಇಲ್ಲಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ತಾಮ್ರದ ಗಣಿ ನಡೆದು, ಅನಂತರ ನಿಂತಿತು. ಈ ಸೀಮೆಯ ಲಾವಾ ಶಿಲೆಗಳಿಗೆ ವಿದ್ವಾಂಸರು ಈ ಹಳ್ಳಿಯ ಹೆಸರನ್ನೇ ಇಟ್ಟಿದ್ದಾರೆ. ಬಿಸಿಯಾದ ನೀರು ಲಾವಾದ ಬಿರುಕುಗಳಲ್ಲಿ ಹರಿದಾಡಿ, ಕರಗಿಸಿ ತಂದ ಲೋಹವನ್ನು ಅಲ್ಲಲ್ಲಿ ಬಿಟ್ಟು ಹೋಯಿತು; ಅದೇ ತಾಮ್ರದ ಅದಿರು. ನಮ್ಮ ಹಳೆಯ ಮಾತಿನಲ್ಲಿ ಇಂಗಳವೆಂದರೆ ಕೆಂಡ. ಹಳ್ಳಿಗೆ ಹೆಸರಿಟ್ಟವರಿಗೆ ನೆಲದೊಳಗಿನ ಬೆಂಕಿಯ ಕಥೆ ತಿಳಿದಿರಲಾರದು. ಆದರೂ ಆರಿದ ಲಾವಾಕ್ಕೆ ಕೆಂಡದ ಹೆಸರು ಒದಗಿದುದನ್ನು ಕೇಳಿ ನಮಗೆಲ್ಲರಿಗೂ ಸಂತೋಷವಾಯಿತು.

ಅಲ್ಲಿಂದ ಬೆಂಗಳೂರಿನ ಹೆದ್ದಾರಿಗೆ ಬಂದು ಹಿರಿಯೂರಿನ ಕಡೆಗೆ ಸಾಗಿದೆವು. ಲಾರಿಗಳ ಸಾಲು ಎಡೆಬಿಡದೆ ಹರಿಯುವ ಈ ಮಾರ್ಗದಲ್ಲಿ ದಿನಕ್ಕೆ ಸಾವಿರಾರು ಜನರು ಹೋಗುತ್ತಾರೆ. ಹೆದ್ದಾರಿಯನ್ನು ಬಿಟ್ಟು ಒಳಗೆ ತಿರುಗಿದರೆ ಐಮಂಗಲದ ಕಡೆಯಲ್ಲಿ ಮರಡಿಹಳ್ಳಿ ಸಿಕ್ಕುತ್ತದೆ. ಮರಡಿಯೆಂದರೆ ದಿಣ್ಣೆ, ಚಿಕ್ಕ ಗುಡ್ಡ. ಹೆಸರಿಗೆ ತಕ್ಕ ನೆಲ. ಜಾಲಿಯ ಗಿಡ, ಕಲ್ಲು ದಿಣ್ಣೆ, ಮೇಯುವ ಕುರಿಯ ಹಿಂಡು. ಸ್ನೇಹಿತರು ಕಾರು ನಿಲ್ಲಿಸಿ ಒಂದು ಕರಿಯ ಬಂಡೆಯ ಮುಂದೆ ಹೋಗಿ ನಿಂತರು. ನಾವು ನೋಡಿದೆವು. ನಿಜವನ್ನು ಹೇಳಬೇಕೆಂದರೆ, ಮೊದಲಿಗೆ ನನಗೆ ಏನೂ ಕಾಣಿಸಲಿಲ್ಲ.

ಬಿಸಿಲು ಓರೆಯಾಗಿ ಬೀಳುತ್ತಿತ್ತು. ಎರಡು ನಿಮಿಷ ದಿಟ್ಟಿಸಿದ ಮೇಲೆ ಬಂಡೆಯ ಮೈಯಲ್ಲಿ ಗೆರೆಗಳು ಎದ್ದವು. ಗೆರೆಗಳ ನಡುವೆ ದುಂಡುದುಂಡಾದ ಉಬ್ಬುಗಳು. ಕೆಲವು ಗೇಣುದ್ದ, ಕೆಲವು ಎರಡು ಮೊಳಕ್ಕೂ ಮಿಕ್ಕಿದುವು. ಒಂದಕ್ಕೊಂದು ಒತ್ತಿಕೊಂಡು, ಒಂದರ ಮೇಲೊಂದು ಪೇರಿಸಿದ ಹಾಗೆ. ಪ್ರತಿಯೊಂದಕ್ಕೂ ಅಂಚಿನಲ್ಲಿ ಬೇರೆ ಬಣ್ಣದ ತೆಳುವಾದ ಸಿಪ್ಪೆ. “ದಿಂಬುಗಳು!” ಎಂದು ನನ್ನ ಮನೆಯವರು ತಟ್ಟನೆ ಹೇಳಿದರು. ಶಾಸ್ತ್ರಜ್ಞರೂ ಇದೇ ಹೆಸರನ್ನು ಇಟ್ಟಿದ್ದಾರೆ: ದಿಂಬು ಲಾವಾ. ನಮ್ಮ ನಾಡಿನ ಹಿರಿಯ ಭೂಗರ್ಭಶಾಸ್ತ್ರಜ್ಞರಾದ ಸಿ. ಎಸ್. ಪಿಚ್ಚಮುತ್ತು ಅವರು ಚಿತ್ರದುರ್ಗದ ಸೀಮೆಯ ಈ ದಿಂಬುಗಳನ್ನು ಕುರಿತು ಬರೆದಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಮರಡಿಹಳ್ಳಿಯ ದಿಂಬುಶಿಲೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ಇವು ಹೇಗೆ ಆದವೆಂದು ಸ್ನೇಹಿತರು ವಿವರಿಸತೊಡಗಿದರು. ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಕಾವಿರುವ ಶಿಲಾರಸವು ನೀರಿನ ತಳದಲ್ಲಿ ನೆಲದ ಬಿರುಕಿನಿಂದ ಉಕ್ಕಿದಾಗ, ತಣ್ಣೀರು ತಗುಲಿದ ಕೂಡಲೆ ಅದರ ಹೊರಮೈ ಗಟ್ಟಿಯಾಗಿ—

ತಾಯಿಯವರು ನಡುವೆಯೇ ತಡೆದರು. “ಪಾಕ!” ಎಂದರು. “ನಿನ್ನೆ ರಾತ್ರಿ ಬಟ್ಟಲಿಗೆ ಬಿಟ್ಟೆನಲ್ಲ, ಅದೇ. ನೀರಿಗೆ ಬಿದ್ದೊಡನೆ ಮೇಲೆ ಸಿಪ್ಪೆ ಕಟ್ಟುತ್ತದೆ, ಒಳಗೆ ಇನ್ನೂ ಮೆತ್ತಗಿರುತ್ತದೆ. ಒತ್ತಿದರೆ ಸಿಪ್ಪೆ ಒಡೆದು ಒಳಗಿನದು ಹೊರಕ್ಕೆ ಬರುತ್ತದೆ.”

ಸ್ನೇಹಿತರು ಒಂದು ಕ್ಷಣ ಸುಮ್ಮನಿದ್ದು, “ಅಮ್ಮಾ, ಇಷ್ಟನ್ನು ಹೇಳಲು ನಮ್ಮ ಪುಸ್ತಕಗಳಿಗೆ ಒಂದು ಅಧ್ಯಾಯ ಬೇಕಾಗುತ್ತದೆ” ಎಂದರು.

ಸಂಗತಿ ಹಾಗೆಯೇ ಇರುವುದು. ಒಲೆಯ ಮೇಲಿನ ಉಂಡೆಪಾಕದ ಕಾವು 120 ಡಿಗ್ರಿಯ ಆಸುಪಾಸು. ಲಾವಾದ ಕಾವು ಅದರ ಹತ್ತರಷ್ಟು. ಸಿಪ್ಪೆ ಕಟ್ಟಿದ ಉಂಡೆಯೊಳಗೆ ಹಿಂದಿನಿಂದ ರಸ ನುಗ್ಗುತ್ತಲೇ ಇರುತ್ತದೆ. ಉಂಡೆ ಉಬ್ಬಿ ಸಿಪ್ಪೆ ಬಿರಿಯುತ್ತದೆ. ಬಿರುಕಿನಿಂದ ಮತ್ತೊಂದು ಉಂಡೆ ಹೊರಬೀಳುತ್ತದೆ. ಅದಕ್ಕೂ ಸಿಪ್ಪೆ ಕಟ್ಟುತ್ತದೆ. ಹೀಗೆ ಒಂದರಿಂದ ಒಂದು ಹುಟ್ಟಿ ರಾಶಿಬೀಳುತ್ತವೆ. ಮೆತ್ತಗಿರುವಾಗಲೇ ಮೇಲೆ ಕುಳಿತ ದಿಂಬು, ಕೆಳಗಿನ ಎರಡು ದಿಂಬುಗಳ ಸಂದಿಗೆ ತಕ್ಕಂತೆ ಇಳಿಬೀಳುತ್ತದೆ. ಆದಕಾರಣ ಅದರ ಮೇಲ್ಭಾಗ ಉಬ್ಬು, ಕೆಳಭಾಗ ಚೂಪು. ಮಂಡಿಯಲ್ಲಿ ಒಟ್ಟಿದ ಧಾನ್ಯದ ಮೂಟೆಗಳನ್ನು ನೋಡಿದವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ. ನೆಲವೇ ಮಗುಚಿಬಿದ್ದ ಕಡೆಯಲ್ಲಿಯೂ ಆ ಚೂಪನ್ನು ನೋಡಿ, ಮೂಲದಲ್ಲಿ ಯಾವ ಕಡೆ ಆಕಾಶವಿತ್ತು, ಯಾವ ಕಡೆ ಪಾತಾಳವಿತ್ತು ಎಂದು ಶಾಸ್ತ್ರಜ್ಞರು ಹೇಳಬಲ್ಲರು. ಇದು ಊಹೆಯ ಮಾತಲ್ಲ. 1970ರ ದಶಕದಲ್ಲಿ ಹವಾಯಿ ದ್ವೀಪದ ತೀರದಲ್ಲಿ, ಜೀವಂತ ಅಗ್ನಿಪರ್ವತದ ಲಾವಾ ಕಡಲಿಗೆ ಇಳಿಯುತ್ತಿದ್ದಾಗ, ಶಾಸ್ತ್ರಜ್ಞರು ನೀರಿನೊಳಗೆ ಮುಳುಗಿ ದಿಂಬುಗಳು ಹುಟ್ಟುವುದನ್ನು ಕಣ್ಣಾರೆ ಕಂಡು ಚಲಚ್ಚಿತ್ರ ತೆಗೆದರು.

ಹಾಗಾದರೆ ಮರಡಿಹಳ್ಳಿಯ ಈ ಬಂಡೆ ನಮಗೆ ಏನು ಹೇಳುತ್ತದೆ? ಕುರಿ ಮೇಯುವ ಈ ಒಣ ದಿಣ್ಣೆ ಒಂದು ಕಾಲದಲ್ಲಿ ಕಡಲಿನ ತಳವಾಗಿದ್ದಿತು. ಆ ತಳ ಬಿರಿದು ಬೆಂಕಿ ಉಕ್ಕಿತು. ಮಳೆಗಾಗಿ ವರ್ಷವರ್ಷವೂ ಆಕಾಶವನ್ನು ನೋಡುವ ನಮ್ಮ ಚಿತ್ರದುರ್ಗದ ಸೀಮೆಗೆ ಇಂಥ ಪೂರ್ವೇತಿಹಾಸವಿದೆಯೆಂದರೆ ಯಾರು ನಂಬುವರು? ಆದರೆ ಸಾಕ್ಷಿ ಕಣ್ಣೆದುರಿಗೇ ಇರುವುದು.

ಕಾಲವನ್ನು ಕುರಿತೂ ಒಂದು ಮಾತು. ಈ ದಿಂಬುಗಳ ವಯಸ್ಸು 250 ಕೋಟಿ ವರ್ಷಕ್ಕೆ ಕಡಿಮೆಯಿಲ್ಲ. ಇಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ನಿಲುಕುವುದಿಲ್ಲವೆಂದು ಸ್ನೇಹಿತರು ಒಂದು ಲೆಕ್ಕ ಹೇಳಿದರು. 250 ಕೋಟಿ ವರ್ಷವನ್ನು ಯುಗಾದಿಯಿಂದ ಯುಗಾದಿಗೆ ಒಂದು ಸಂವತ್ಸರವೆಂದು ಭಾವಿಸೋಣ. ಮೊದಲನೆಯ ದಿನ, ಬೇವು ಬೆಲ್ಲದ ಹೊತ್ತಿಗೆ, ಮರಡಿಹಳ್ಳಿಯ ಲಾವಾ ಹರಿಯಿತು. ಬೆಳಗಾವಿ, ವಿಜಯಪುರಗಳ ಕಡೆಗೆ ಹಬ್ಬಿರುವ ದಖ್ಖನಿನ ಕರಿಕಲ್ಲು, ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನದು, ಹರಿದದ್ದು ವರ್ಷದ ಕೊನೆಗೆ, ಹೋಳಿಹುಣ್ಣಿಮೆ ಕಳೆದು ಐದಾರು ದಿನಕ್ಕೆ. ಚಿತ್ರದುರ್ಗದ ಕೋಟೆ ಹೈದರನ ವಶವಾದದ್ದು ವರ್ಷ ಮುಗಿಯಲು ಮೂರು ಸೆಕೆಂಡು ಇರುವಾಗ!

“ಮತ್ತೆ ಬೆಂಕಿ ಬರುತ್ತದೆಯೆ?” ಎಂದು ಮಗಳು ಹೆದರಿಕೆಯಿಂದ ಕೇಳಿದಳು. ಬರುವುದಿಲ್ಲ. ಇಲ್ಲಿಯ ನೆಲ ಬಹು ಕಾಲದ ಹಿಂದೆಯೇ ತಣ್ಣಗಾಗಿ ಗಟ್ಟಿಯಾಗಿದೆ. ಭಾರತದಲ್ಲಿ ಇಂದಿಗೂ ಬೆಂಕಿ ಕಾರುವ ಅಗ್ನಿಪರ್ವತವಿರುವುದು ಅಂಡಮಾನಿನ ಬ್ಯಾರೆನ್ ದ್ವೀಪದಲ್ಲಿ; ಬಹು ಕಾಲ ಸುಮ್ಮನಿದ್ದ ಅದು 1991ರಲ್ಲಿ ಮತ್ತೆ ಎಚ್ಚರಗೊಂಡಿತು. ಆದರೆ ಆರಿದ ಬೆಂಕಿಯ ಗುರುತುಗಳಿಗೆ ನಮ್ಮ ಕರ್ನಾಟಕದಲ್ಲಿ ಕೊರತೆಯಿಲ್ಲ. ನಮ್ಮ ರಾಜ್ಯದಲ್ಲಿ ಹೀಗೆ ಸ್ಮಾರಕವೆನಿಸಿದ ಶಿಲೆಗಳು ನಾಲ್ಕು: ಮರಡಿಹಳ್ಳಿಯ ದಿಂಬುಗಳು, ಉಡುಪಿಯ ಸಮೀಪದ ಸೇಂಟ್ ಮೇರಿ ದ್ವೀಪದ ಕಂಬದಾಕಾರದ ಲಾವಾ, ಕೋಲಾರದ ಚಿನ್ನದ ಗಣಿಯ ಬಳಿ ಪೆದ್ದಪಲ್ಲಿಯ ಸಿಡಿಶಿಲೆ, ಬೆಂಗಳೂರಿನ ಲಾಲ್‌ಬಾಗಿನ ಬಂಡೆ. ಇವುಗಳಲ್ಲಿ ಮೊದಲ ಮೂರೂ ಅಗ್ನಿಪರ್ವತದ ಮಕ್ಕಳೇ.

ನಾವು ಮಾತಿನಲ್ಲಿ ಮಗ್ನರಾಗಿರುವಾಗ ಠಣ್ ಠಣ್ ಎಂಬ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮಗಳು ಕೈಗೆ ಸಿಕ್ಕಿದ ಕಲ್ಲಿನಿಂದ ಒಂದು ದಿಂಬಿನ ಅಂಚನ್ನು ಕುಟ್ಟುತ್ತಿದ್ದಳು. ಶಾಲೆಗೆ ಒಯ್ದು ತೋರಿಸಲು ಒಂದು ಚೂರು ಬೇಕಂತೆ. ಸ್ನೇಹಿತರು ಓಡಿಹೋಗಿ ಅವಳ ಕೈ ಹಿಡಿದರು. ಮಗಳ ಕಣ್ಣಿನಲ್ಲಿ ನೀರು ತುಂಬಿತು. “ಇಷ್ಟು ದೊಡ್ಡ ಬಂಡೆಯಲ್ಲಿ ಇಷ್ಟು ಚೂರು ತೆಗೆದರೆ ಏನಾಯಿತು? ನಿನ್ನೆ ರಾಶಿಯಲ್ಲಿ ಬೇಕಾದಷ್ಟು ಇತ್ತಲ್ಲ!” ಎಂದಳು. ಮಗುವಿನ ಪ್ರಶ್ನೆಯಾದರೂ ಸುಲಭವಾದ ಪ್ರಶ್ನೆಯಲ್ಲ. ನಾನು ಉತ್ತರಕ್ಕಾಗಿ ತಡಕಾಡುತ್ತಿರುವಾಗ ತಾಯಿಯವರು ಅವಳನ್ನು ಹತ್ತಿರಕ್ಕೆ ಕರೆದು, ಸೆರಗಿನಿಂದ ಕಣ್ಣೊರೆಸಿ ಹೇಳಿದರು: “ಉಂಡೆ ಮುಗಿದರೆ ನಾಳೆ ನಾನು ಇನ್ನೊಂದು ಸಲ ಪಾಕ ಏರಿಸುತ್ತೇನೆ, ಕಣೇ. ಇದು ಮುಗಿದರೆ ಪಾಕ ಏರಿಸುವವರು ಯಾರು?”

ಈ ಮಾತನ್ನು ಹಾದಿಯುದ್ದಕ್ಕೂ ಯೋಚಿಸಿದೆ. ಕಲ್ಲನ್ನು ಒಡೆಯಬಾರದೆಂದು ಹೇಳುವುದು ಮೂರ್ಖತನವಾದೀತು. ನಾವು ವಾಸಿಸುವ ಮನೆಯ ಅಡಿಪಾಯ, ಕಾರು ಓಡಿದ ರಸ್ತೆ, ಸ್ನೇಹಿತರನ್ನು ಕರೆತಂದ ರೈಲಿನ ಹಳಿ, ಎಲ್ಲವೂ ಒಡೆದ ಕಲ್ಲಿನ ಮೇಲೆಯೇ ನಿಂತಿವೆ. ಅದರಲ್ಲಿಯೂ ಈ ಕರಿಯ ಲಾವಾ ಶಿಲೆ ಗಟ್ಟಿಯಾದುದರಿಂದ ಜಲ್ಲಿಗೆ ಬಹಳ ಯೋಗ್ಯವಾದುದು. ಆದರೆ ಮನೆಯಲ್ಲಿ ಎಷ್ಟೋ ಕಾಗದಗಳಿರುತ್ತವೆ. ಹಳೆಯ ಪತ್ರಿಕೆಯನ್ನು ಒಲೆಗೆ ಹಾಕುತ್ತೇವೆ. ಹೊಲದ ಕ್ರಯಪತ್ರವನ್ನು ಹಾಕುತ್ತೇವೆಯೆ? ಎರಡೂ ಕಾಗದವೇ. ಒಂದರ ಮೇಲೆ ನಮ್ಮ ನೆಲದ ಚರಿತ್ರೆ ಬರೆದಿದೆ, ಅಷ್ಟೆ. ಮರಡಿಹಳ್ಳಿಯ ಬಂಡೆ ಈ ಸೀಮೆಯ ಕ್ರಯಪತ್ರ. ಅದನ್ನು ಓದಲು ಬಲ್ಲವರು ಕೆಲವರು; ಕಾಯಬಲ್ಲವರು ನಾವೆಲ್ಲರೂ. ಇಂಥ ಶಿಲಾಸ್ಥಾನಗಳ ರಕ್ಷಣೆಗಾಗಿ ಭಾರತ ಸರ್ಕಾರವು 2022ರಲ್ಲಿ ಒಂದು ಕರಡು ಮಸೂದೆಯನ್ನು ಪ್ರಕಟಿಸಿತು. ಕಾನೂನು ಬೇಕು, ನಿಜ. ಆದರೆ ಬಯಲಿನಲ್ಲಿ ಬಿದ್ದಿರುವ ಬಂಡೆಗೆ ಎಲ್ಲಕ್ಕಿಂತ ದೊಡ್ಡ ಕಾವಲು, ಅದು ಏನೆಂದು ಸುತ್ತಣ ಹಳ್ಳಿಯ ಮಕ್ಕಳಿಗೆ ತಿಳಿದಿರುವುದೇ.

ಹಿರಿಯೂರಿನಲ್ಲಿ ತೇರುಮಲ್ಲೇಶ್ವರನ ದರ್ಶನ ಮಾಡಿಕೊಂಡು ಮಧ್ಯಾಹ್ನಕ್ಕೆ ವಾಣಿವಿಲಾಸ ಸಾಗರವನ್ನು ಸೇರಿದೆವು. ವೇದಾವತಿ ನದಿ ಎರಡು ಬೆಟ್ಟಗಳ ನಡುವಿನ ಇಕ್ಕಟ್ಟಿನಲ್ಲಿ ಹೊರಬರುವ ಸ್ಥಳವಿದು. ಕಣಿವೆ ಮಾರಮ್ಮನಿಂದ ಇದಕ್ಕೆ ಮಾರಿಕಣಿವೆಯೆಂಬ ಹೆಸರು ಬಂದಿತು. ವಾಣಿವಿಲಾಸ ಸನ್ನಿಧಾನದವರು ಮೈಸೂರಿನ ರೀಜೆಂಟರಾಗಿದ್ದಾಗ 1898ರಲ್ಲಿ ಆರಂಭವಾದ ಕಟ್ಟೆ 1907ರಲ್ಲಿ ಮುಗಿಯಿತು. 1933ರಲ್ಲಿ ತುಂಬಿದ ಮೇಲೆ ಅದು ಮತ್ತೆ ಕೋಡಿ ಬಿದ್ದದ್ದು 89 ವರ್ಷಗಳ ಅನಂತರ, 2022ರಲ್ಲಿ. ಆ ದಿನಗಳಲ್ಲಿ ಜಿಲ್ಲೆಯ ಜನರು ಜಾತ್ರೆಗೆ ಹೋಗುವಂತೆ ಇಲ್ಲಿಗೆ ಬಂದು ನೀರನ್ನು ನೋಡಿ ಹೋದರು.

ಮಾರಮ್ಮನಿಗೆ ಹಣ್ಣುಕಾಯಿ ಮಾಡಿಸಿ, ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಅವರೆಕಾಳಿನ ಪಲ್ಯ, ಮೊಸರನ್ನ, ಕೊನೆಗೆ ಶೇಂಗಾ ಉಂಡೆ. ಉಂಡೆಯನ್ನು ಕೈಯಲ್ಲಿ ಹಿಡಿದ ಮಗಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಆಮೇಲೆ ಬಾಯಿಗೆ ಹಾಕಿಕೊಂಡಳು. ಎದುರಿಗೆ ಬೆಟ್ಟಗಳ ಬುಡದವರೆಗೆ ನೀರು ತುಂಬಿ ನಿಂತಿತ್ತು. ಈ ಕಣಿವೆಯ ಶಿಲೆಗಳಿಗೂ ಶಾಸ್ತ್ರದಲ್ಲಿ ವಾಣಿವಿಲಾಸದ ಹೆಸರೇ ಇದೆ. ಇವು ಲಾವಾ ಮಾತ್ರವಲ್ಲ. ಕಡಲಿನ ತಳದಲ್ಲಿ ಕೂಡಿಬಿದ್ದ ಮರಳು, ಕೆಸರು, ಸುಣ್ಣಗಳೂ ಶಿಲೆಯಾಗಿವೆ. ಸುಣ್ಣಕಲ್ಲಿನ ಪದರಗಳಲ್ಲಿ ಅಲ್ಲಲ್ಲಿ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿ ಬಿಟ್ಟುಹೋದ ಗುರುತುಗಳಿವೆ. ಆಗ ನೆಲದ ಮೇಲೆ ಹುಲ್ಲಿಲ್ಲ, ಮರವಿಲ್ಲ, ನೀರಿನಲ್ಲಿ ಮೀನಿಲ್ಲ. ಬೆಂಕಿ ಉಕ್ಕಿದ ಆ ಕಡಲಿನಲ್ಲಿಯೇ ಜೀವವೂ ಮೆಲ್ಲನೆ ಮನೆ ಕಟ್ಟುತ್ತಿತ್ತು. ಅಂಥ ಕಡಲಿನ ತಳದ ಮೇಲೆ ಮನುಷ್ಯನು ಮತ್ತೆ ನೀರು ನಿಲ್ಲಿಸಿದ್ದಾನೆಂದು ನೆನೆದಾಗ ಮನಸ್ಸಿಗೆ ಒಂದು ಬಗೆಯ ವಿನಯ ಉಂಟಾಯಿತು.

ಹೊಸದುರ್ಗದ ದಾರಿಯಲ್ಲಿ ಬೆಟ್ಟಸಾಲನ್ನು ಬಳಸಿಕೊಂಡು ಹಿಂದಿರುಗಿದೆವು. ನನ್ನ ಕಣ್ಣು ಬೆಳಗಿನ ಕಣ್ಣಾಗಿರಲಿಲ್ಲ. ಬಿಳಿಯ ಕಲ್ಲು ಕಳಿತ ಕಡೆ ಸಾಮಾನ್ಯವಾಗಿ ಮರಳು ಬೆರೆತ ಮಣ್ಣು, ಕರಿಯ ಕಲ್ಲು ಕಳಿತ ಕಡೆ ಜಿಗುಟು ಮಣ್ಣು. ಮಣ್ಣಿಗೆ ತಕ್ಕಂತೆ ಬೆಳೆ, ಬೆಳೆಗೆ ತಕ್ಕಂತೆ ಊಟ. ನಮ್ಮ ತಟ್ಟೆಗೂ ಆ ಹಳೆಯ ಬೆಂಕಿಗೂ ನಂಟಿದೆಯೆಂದು ಮೊದಲ ಬಾರಿ ಹೊಳೆಯಿತು. ಹೊಸದುರ್ಗ, ಹೊಳಲ್ಕೆರೆಗಳನ್ನು ದಾಟಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಒಟ್ಟು 200 ಕಿಲೋಮೀಟರಿಗೆ ಹತ್ತಿರದ ಸುತ್ತು; ನಾಲ್ಕು ತಾಲ್ಲೂಕುಗಳು; ಒಂದು ಹಗಲು.

ಹೋಗಬಯಸುವವರಿಗೆ ಒಂದೆರಡು ಸೂಚನೆಗಳು. ಮಳೆಗಾಲ ಕಳೆದ ಮೇಲೆ, ಕಾರ್ತಿಕದಿಂದ ಮಾಘದವರೆಗೆ ಹೋಗುವುದು ಉತ್ತಮ; ಬೇಸಗೆಯಲ್ಲಿ ಆ ಕರಿಯ ಬಂಡೆಗಳ ಬಳಿ ನಿಲ್ಲುವುದು ಕಷ್ಟ. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ನೋಡಿದರೆ ದಿಂಬುಗಳು ಚೆನ್ನಾಗಿ ಎದ್ದು ಕಾಣುತ್ತವೆ. ಹೊಲಗಳನ್ನು ಹಾಯುವಾಗ ಹೊಲದವರನ್ನು ಕೇಳಿ ಹಾಯಬೇಕು. ಸುತ್ತಿಗೆಯನ್ನು ಮನೆಯಲ್ಲಿಯೇ ಬಿಟ್ಟು ಬರಬೇಕು.

ಮರುದಿನ ಸ್ನೇಹಿತರನ್ನು ರೈಲಿಗೆ ಬಿಡಲು ಹೋದಾಗ ಮಗಳೂ ಬಂದಿದ್ದಳು. ಜಲ್ಲಿಯ ರಾಶಿಯ ಬಳಿ ಬಗ್ಗಿ, ಹಸಿರು ಛಾಯೆಯ ಒಂದು ಕರಿಯ ಚೂರನ್ನು ಆರಿಸಿಕೊಂಡು, “ಇದನ್ನು ತೆಗೆದುಕೊಳ್ಳಬಹುದಲ್ಲವೆ, ಮಾಮ? ಇದು ಆಗಲೇ ಒಡೆದದ್ದು” ಎಂದು ಕೇಳಿದಳು. ಅವರು ನಕ್ಕು ಒಪ್ಪಿಗೆ ಕೊಟ್ಟರು. ಈಗ ಆ ಚೂರು ನಮ್ಮ ಅಡಿಗೆಮನೆಯ ಗೂಡಿನಲ್ಲಿ, ಬೆಲ್ಲದ ಡಬ್ಬಿಯ ಪಕ್ಕದಲ್ಲಿ ಇದೆ. ಅದನ್ನು ಅಲ್ಲಿ ಇಟ್ಟವರು ನಮ್ಮ ತಾಯಿಯವರು. ಮನೆಗೆ ಬಂದವರು ಯಾರಾದರೂ ಅದೇನೆಂದು ಕೇಳಿದರೆ, ಉತ್ತರ ಹೇಳುವ ಹಕ್ಕನ್ನು ಅವರು ಇನ್ನಾರಿಗೂ ಬಿಟ್ಟುಕೊಡುವುದಿಲ್ಲ.